ಅಬ್ಬಿಯನ್ನು ಕೇಳದೆ ಜಾಗ ಆರಿಸಬೇಡಿ

ಬೊಂಬಾಯಿ, ಬೆಂಗಳೂರು, ಪುಣೆ, ದುಬೈಗಳಲ್ಲಿರುವ ನಮ್ಮೂರ ಮಕ್ಕಳಿಗೆ ಈ ಮಾತು. ಊರಲ್ಲೇ ಉಳಿದು ಅವರ ಮನೆಯ ಸುದ್ದಿ ಮಾತಾಡಿಕೊಳ್ಳುವ ನಮಗೂ ಇದೇ ಮಾತು.

ಶಿರೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿ ಬಿಟ್ಟು ಯಾವ ಒಳದಾರಿಗೆ ಇಳಿದರೂ ದೊಡ್ಡ ದೊಡ್ಡ ಮನೆಗಳು. ಎತ್ತರದ ಗೇಟು, ಇಂಟರ್‌ಲಾಕ್ ಹಾಕಿದ ಅಂಗಳ, ಮಾಳಿಗೆಯಲ್ಲಿ ಬೀಗ ಹಾಕಿದ ಕೋಣೆಗಳು, ಕೆಳಗೆ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಒಬ್ಬಳೇ ಒಬ್ಬ ಹೆಂಗಸು. ಹೋಟೆಲಿನ ದುಡ್ಡು, ಗಲ್ಫಿನ ದುಡ್ಡು, ಬ್ಯಾಂಕಿನ ಸಂಬಳ ಕಟ್ಟಿಸಿದ ಮನೆಗಳಿವು. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಪ್ರತಿ 1000 ಗಂಡಸರಿಗೆ 1094 ಹೆಂಗಸರಿದ್ದರು. ರಾಜ್ಯದಲ್ಲೇ ಅದು ಅತಿ ಹೆಚ್ಚು. ದುಡಿಯಲು ಊರು ಬಿಟ್ಟ ಗಂಡಸರ ಲೆಕ್ಕ ಅದರೊಳಗಿದೆ. ಗಂಡ ತೀರಿಕೊಂಡ ಮೇಲೂ ವರ್ಷಗಟ್ಟಲೆ ಬದುಕುವ ಹೆಂಗಸರ ಲೆಕ್ಕವೂ ಇದೆ. ಹಾಗಾಗಿ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳಲ್ಲಿ ಮುಪ್ಪಿನ ಆರೈಕೆಯ ಮಾತು ಬಂದರೆ ಅದು ಹೆಚ್ಚಾಗಿ ಒಬ್ಬ ತಾಯಿಯ ಮಾತು.

ಆ ಮಾತು ನಮ್ಮಲ್ಲಿ ತೀರ್ಮಾನವಾಗುವ ಬಗೆಯನ್ನು ನೋಡಿ. ಮಳೆಗಾಲದ ಒಂದು ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬೀಳುತ್ತಾರೆ. ಸೊಂಟದ ಮೂಳೆ ಮುರಿಯುತ್ತದೆ. ಮಣಿಪಾಲದಲ್ಲಿ ಆಪರೇಷನ್. ಮಗ ಬೊಂಬಾಯಿಯಿಂದ ಮತ್ಸ್ಯಗಂಧ ಹತ್ತಿ ಬರುತ್ತಾನೆ, ಮಗಳು ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ. ಇಬ್ಬರಿಗೂ ರಜೆ ನಾಲ್ಕೈದು ದಿನ. ಡಿಸ್ಚಾರ್ಜಿಗೆ ಮುಂಚೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು, ತಗ್ಗಿದ ದನಿಯಲ್ಲಿ ಒಂದೆರಡು ಫೋನು ಮಾಡಿ, ತಾಯಿಯ ಉಳಿದ ಆಯುಷ್ಯಕ್ಕೆ ಒಂದು ವಿಳಾಸ ಗೊತ್ತು ಮಾಡುತ್ತಾರೆ. ಆ ತಾಯಿ ಅದೇ ಕಟ್ಟಡದ ಮೇಲಿನ ವಾರ್ಡಿನಲ್ಲಿ ಎಚ್ಚರವಾಗಿಯೇ ಮಲಗಿರುತ್ತಾಳೆ. ಅವಳನ್ನು ಯಾರೂ ಕೇಳಿರುವುದಿಲ್ಲ. "ನಾಕ್ ದಿನ ಅಷ್ಟೇ, ಕಾಲು ಸರಿಯಾಗುವ ತನಕ" ಎಂದು ಹೇಳಿ ಕಾರು ಹತ್ತಿಸುತ್ತಾರೆ.

ಕೈಮುಗಿದು ಕೇಳುತ್ತೇನೆ, ಹೀಗೆ ಮಾಡಬೇಡಿ. ತಾಯಿಯನ್ನು ವೃದ್ಧಾಶ್ರಮದಲ್ಲಿಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಮನೆಗಳಿಗೆ ಬೇರೆ ದಾರಿಯಿಲ್ಲ, ಎಷ್ಟೋ ಹಿರಿಯರಿಗೆ ಅದೇ ಒಳ್ಳೆಯದೂ ಹೌದು. ನನ್ನ ಸಂಕಟ ಇರುವುದು ಗುಟ್ಟಿನಲ್ಲಿ. ಅವಳಿಗೂ ಗೊತ್ತಾಗದಂತೆ, ನೆಂಟರಿಗೂ ಗೊತ್ತಾಗದಂತೆ ಗಡಿಬಿಡಿಯಲ್ಲಿ ಆರಿಸಿದ ಜಾಗ ಎಂದಿಗೂ ಸರಿಯಾದ ಜಾಗವಾಗುವುದಿಲ್ಲ.

ಈ ಗುಟ್ಟು ಹುಟ್ಟಿದ್ದು ಎಲ್ಲಿಂದ? ನಮ್ಮಿಂದ, ಊರಿನವರಿಂದ. "ಅಬ್ಬಿನ ಆಶ್ರಮಕ್ಕೆ ಹಾಕ್ರ್ ಅಂಬ್ರ್" (ಅಮ್ಮನನ್ನು ಆಶ್ರಮಕ್ಕೆ ಹಾಕಿದರಂತೆ) ಎಂದು ಮದುವೆಮನೆಯ ಊಟದ ಸಾಲಿನಲ್ಲಿ, ದೇವಸ್ಥಾನದ ಪೌಳಿಯಲ್ಲಿ, ಮೀನು ಮಾರ್ಕೆಟ್ಟಿನಲ್ಲಿ ಮಾತಾಡಿಕೊಂಡವರು ನಾವು. ಆ ಒಂದು ಮಾತಿಗೆ ಹೆದರಿ ಮಕ್ಕಳು ಪರಿಚಯದವರು ಕಾಲಿಡದ ದೂರದ ಜಾಗ ಹುಡುಕುತ್ತಾರೆ. ಮನೆಯಿಂದ ಐದು ಕಿಲೋಮೀಟರಿನಲ್ಲಿ ಒಳ್ಳೆಯದೊಂದಿದ್ದರೂ ಬಿಟ್ಟು ಜಿಲ್ಲೆಯ ಇನ್ನೊಂದು ತುದಿಗೋ ಘಟ್ಟದ ಮೇಲಕ್ಕೋ ಕರೆದೊಯ್ಯುತ್ತಾರೆ. ಅಲ್ಲಿಗೆ ನೆರೆಮನೆಯವಳು ಹೋಗಲಾರಳು, ತಂಗಿ ಹೋಗಲಾರಳು, ಹಳೆಯ ಒಕ್ಕಲಿನವರು ಹೋಗಲಾರರು. ಹೊರಗಿನ ಕಣ್ಣು ಬೀಳದ ಕಡೆ ಮುದುಕಿಯ ಬೆನ್ನಿನ ಮೇಲೆ ಹುಣ್ಣಾದರೆ ಹೇಳುವವರು ಯಾರು? ಮರ್ಯಾದೆ ಉಳಿಸಿಕೊಳ್ಳಲು ಹೋಗಿ ಅವಳ ಕಾವಲನ್ನೆಲ್ಲ ನಾವೇ ಕಳಚಿದ ಹಾಗಾಯಿತು.

ಊರಿನ ನಾಲಿಗೆ ಇನ್ನೂ ಒಂದು ಅನ್ಯಾಯ ಮಾಡಿದೆ. ಮನೆಯಲ್ಲಿ ಉಳಿದ ಸೊಸೆಯ ಮೇಲೆ ಅದು ಬೀಳುತ್ತದೆ. ರಾತ್ರಿ ಮೂರು ಸಲ ಎದ್ದು ಅತ್ತೆಯ ಬಟ್ಟೆ ಬದಲಿಸಿ, ಬೆಳಿಗ್ಗೆ ಐದಕ್ಕೆ ಗಂಜಿಗಿಟ್ಟು, ತನ್ನ ಬೆನ್ನು ನೋವಿಗೆ ಮುಲಾಮು ಹಚ್ಚಿಕೊಳ್ಳಲೂ ಹೊತ್ತಿಲ್ಲದವಳಿಗೆ ದೂರದಲ್ಲಿರುವ ನಾದಿನಿ ವಿಡಿಯೋ ಕಾಲಿನಲ್ಲಿ ಬುದ್ಧಿ ಹೇಳುತ್ತಾಳೆ. ಅವಳು ಒಮ್ಮೆ "ನನ್ನಿಂದ ಆಗುವುದಿಲ್ಲ" ಎಂದರೆ ಊರೆಲ್ಲ ಅವಳನ್ನು ಕೆಟ್ಟವಳೆನ್ನುತ್ತದೆ. ಆಗುವುದಿಲ್ಲ ಎಂದದ್ದು ಸತ್ಯವಿರಬಹುದಲ್ಲವೇ? ಹಿಂದೆ ಇಂಥದ್ದೆಲ್ಲ ಇರಲಿಲ್ಲ, ಕೂಡುಕುಟುಂಬದಲ್ಲಿ ಎಲ್ಲ ನಡೆಯುತ್ತಿತ್ತು ಎನ್ನುವವರಿಗೆ ಕೋಟದವರೇ ಆದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯ ಸರಸೋತಿಯನ್ನು ನೆನಪಿಸುತ್ತೇನೆ. ರಾಮ ಐತಾಳರ ವಿಧವೆ ತಂಗಿ ಅವಳು. ಆ ಕಾಲದ ಮನೆಗಳು ನಡೆದದ್ದು ಅಂಥ ಹೆಂಗಸರ ಕೈಯಲ್ಲಿ; ಅವರಿಗೆ ಸಂಬಳವೂ ಇರಲಿಲ್ಲ, ಬೇಡ ಎನ್ನುವ ದಾರಿಯೂ ಇರಲಿಲ್ಲ. ಅದನ್ನೇ ಚಿನ್ನದ ಕಾಲವೆಂದು ಕರೆದು ಇಂದಿನ ಹೆಂಗಸರನ್ನು ನೋಯಿಸುವುದು ಬೇಡ.

ಮರೆವಿನ ಕಾಯಿಲೆಯ ವಿಚಾರವೂ ಹೀಗೆಯೇ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಜನರಿಗೆ ಡಿಮೆನ್ಶಿಯಾ ಇದೆಯೆಂದು ಅಂದಾಜು ಮಾಡಿತು. ಸುಮಾರು 88 ಲಕ್ಷ ಜನ. ನಮ್ಮಲ್ಲಿ ಅದನ್ನು "ಅರಳುಮರಳು" ಎಂದು ತಳ್ಳಿಹಾಕಿ, ಕೊನೆಗೊಂದು ರಾತ್ರಿ ಅವರು ಬಾಗಿಲು ತೆಗೆದು ಹೊಳೆಯ ಕಡೆ ನಡೆದಾಗ ಎಚ್ಚರಾಗುತ್ತೇವೆ. ಅಂಥವರನ್ನು ಒಬ್ಬ ಹೋಂ ನರ್ಸ್ ಕೈಗೆ ಕೊಟ್ಟು ಹೋಗುವುದು ಆ ಹುಡುಗಿಗೂ ಕಷ್ಟ, ಅವರಿಗೂ ಅಪಾಯ. ಪಾಳಿಯ ಮೇಲೆ ಜನ ಇರುವ, ಕಲಿತ ಕೈಗಳಿರುವ ಜಾಗ ಅವರಿಗೆ ಬೇಕಾಗುತ್ತದೆ. ಆದ್ದರಿಂದ ಆರಿಸಲೇಬೇಕಾಗಿ ಬಂದರೆ ತಲೆ ತಗ್ಗಿಸಬೇಡಿ. ಕಣ್ಣು ತೆರೆದು ಆರಿಸಿ, ನಾಲ್ಕು ಜನರಿಗೆ ಹೇಳಿ ಆರಿಸಿ.

ಮಗಳನ್ನು ಕೊಡುವಾಗ ನಮ್ಮವರು ಎಷ್ಟು ವಿಚಾರಿಸುತ್ತಿದ್ದರು! ಆ ಮನೆಯ ಬಾವಿಯಲ್ಲಿ ಬೇಸಗೆಗೂ ನೀರಿರುತ್ತದೆಯೇ, ಅತ್ತೆಯ ಬಾಯಿ ಹೇಗೆ, ಹುಡುಗನಿಗೆ ಕುಡಿಯುವ ಚಟವಿದೆಯೇ, ಒಂದು ವಿಷಯಕ್ಕೆ ಮೂರು ದಾರಿಯಲ್ಲಿ ಜನ ಕಳಿಸಿ ತಿಳಿಯುತ್ತಿದ್ದರು. ತಾಯಿಯನ್ನು ಕಳಿಸುವಾಗ ಅದರ ಕಾಲುಭಾಗವಾದರೂ ವಿಚಾರಿಸಬೇಡವೇ? ವಾಟ್ಸಾಪಿನಲ್ಲಿ ಬಂದ ನಾಲ್ಕು ಫೋಟೋ ಸಾಕಾಗುತ್ತದೆಯೇ?

ಮೊದಲ ಪ್ರಶ್ನೆ ಅವಳಿಗೆ. "ಅಬ್ಬಿ, ನಿಂಗ್ ಎಲ್ ಇಪ್ಕ್ ಮನ್ಸ್ ಇತ್ತ್?" ಎಂದು ಬಾಯಿಬಿಟ್ಟು ಕೇಳಿ. ಉತ್ತರ "ಇಲ್ಲೇ, ನನ್ನ ಮನೆಯಲ್ಲೇ" ಎಂದಿದ್ದರೆ, ಅದು ಸಾಧ್ಯವೇ ಎಂದು ನಿಜವಾಗಿ ಯೋಚಿಸಿ. ಬಚ್ಚಲಿಗೆ ಹಿಡಿಕೆ ಹಾಕಿಸಿ ಕಮೋಡು ಇಡಿಸಿ, ಹಗಲಿಗೊಬ್ಬರು ರಾತ್ರಿಗೊಬ್ಬರು ಬಂದರೆ ಇನ್ನೂ ಕೆಲವು ವರ್ಷ ಅವಳು ತನ್ನ ತುಳಸಿಗೆ ತಾನೇ ನೀರು ಹಾಕಬಹುದು. ಆಗದು ಎಂದಾದರೆ ಆಗದು ಎಂದೇ ಅವಳಿಗೆ ಹೇಳಿ. ನೆರೆಗೆ ಗದ್ದೆ ಕೊಚ್ಚಿಹೋದದ್ದನ್ನೂ ಗಂಡನ ಸಾವನ್ನೂ ತಡೆದುಕೊಂಡವಳು ಸತ್ಯವನ್ನು ತಡೆದುಕೊಳ್ಳುತ್ತಾಳೆ. ಅವಳು ತಡೆದುಕೊಳ್ಳಲಾರದ್ದು ನಾಲ್ಕು ದಿನವೆಂದು ಹೇಳಿ ನಾಲ್ಕು ತಿಂಗಳಾದರೂ ಬಾರದ ಕಾರನ್ನು. ಹೇಳಿದ ಮೇಲೆ ಜಾಗ ನೋಡಲು ಅವಳನ್ನೂ ಕರೆದುಕೊಂಡು ಹೋಗಿ, ಅಲ್ಲಿ ಒಂದು ಹೊತ್ತು ಉಂಡು ಕೂರಲಿ. ಸಾಧ್ಯವಿದ್ದರೆ ಒಂದು ವಾರ ಇದ್ದು ಬರಲಿ. ಬೇಡ ಎಂದರೆ ಆ ಜಾಗ ಬೇಡ.

ನೀವು ಜಾಗ ನೋಡಲು ಹೋಗುವಾಗ ಆಶ್ರಮದವರಿಗೆ ಮೊದಲೇ ಹೇಳದೆ ಹೋಗಿ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಆಶ್ರಮಗಳೂ ಚೆನ್ನಾಗಿರುತ್ತವೆ. ಊಟದ ಹೊತ್ತಿಗೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಹೋಗಿ. ರಾತ್ರಿ ಎಷ್ಟು ಜನ ಎಚ್ಚರವಿರುತ್ತಾರೆ, ಅವರು ಎಷ್ಟು ಜನ ಹಿರಿಯರನ್ನು ನೋಡಿಕೊಳ್ಳುತ್ತಾರೆ ಎಂದು ಕೇಳಿ. ಹಗಲಿನ ಲೆಕ್ಕಕ್ಕಿಂತ ಅದು ಮುಖ್ಯ. ಆಫೀಸಿನ ಕುರ್ಚಿಯಲ್ಲಿ ಕೂತು ಬರಬೇಡಿ, ಬಚ್ಚಲಿಗೆ ಹೋಗಿ ನೋಡಿ. ನಮ್ಮದು ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒಣಗುವುದಿಲ್ಲ, ಕರೆಂಟು ಆಗಾಗ ಹೋಗುತ್ತದೆ. ಹೊಳೆಯುವ ಟೈಲ್ಸ್ ಕಂಡು ಮೆಚ್ಚಬೇಡಿ, ಒದ್ದೆ ಕಾಲಿಟ್ಟು ನೋಡಿ. ಹಾಸಿಗೆ ಹಿಡಿದವರ ಕೋಣೆಗೂ ಹೋಗಿ. ಹಿಮ್ಮಡಿ ನೋಡಿ, ಉಗುರು ನೋಡಿ, ತುಟಿ ಒಣಗಿದೆಯೇ ನೋಡಿ. ತಾನಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹುಣ್ಣು ಬರುತ್ತದೆ. ಅದನ್ನು ಬರೆದಿಡುವ ಹಾಳೆ ಮಂಚದ ಬಳಿ ಇದೆಯೇ ಎಂದು ನೋಡಿ. ಯಾರ ಕೈಯನ್ನಾದರೂ ಮಂಚಕ್ಕೆ ಕಟ್ಟಿದ್ದರೆ, ಹಗಲು ಹೊತ್ತಿನಲ್ಲೇ ಎಲ್ಲರೂ ಮಾತ್ರೆಯ ಮಂಪರಿನಲ್ಲಿ ತೂಗುತ್ತಿದ್ದರೆ, ಮಾತು ಮುಂದುವರಿಸದೆ ಹೊರಟು ಬನ್ನಿ.

ಅಲ್ಲಿ ದುಡಿಯುವವರೊಡನೆ ಮಾತಾಡಿ. ಅವರಿಗೆ ತಿಂಗಳಿಗೆ ಎಷ್ಟು ಸಂಬಳ, ವಾರಕ್ಕೊಂದು ರಜೆ ಇದೆಯೇ, ಇಲ್ಲಿಗೆ ಬಂದು ಎಷ್ಟು ಕಾಲವಾಯಿತು ಎಂದು ಕೇಳಿ. ಮೂರು ತಿಂಗಳಿಗೊಮ್ಮೆ ಕೆಲಸದವರು ಬದಲಾಗುವ ಕಡೆ ನಿಮ್ಮ ತಾಯಿಗೆ ಯಾವ ಕಿವಿ ಕೇಳಿಸುವುದಿಲ್ಲ ಎಂದು ನೆನಪಿಡುವವರು ಯಾರೂ ಇರುವುದಿಲ್ಲ. ಹೊಟ್ಟೆ ತುಂಬದ, ನಿದ್ದೆಗೆಟ್ಟ ಕೈಯಿಂದ ಮೃದುವಾದ ಆರೈಕೆಯನ್ನು ಬಯಸುವುದು ನಮ್ಮದೇ ಕ್ರೌರ್ಯ.

ಆಸ್ಪತ್ರೆ ಎಷ್ಟು ದೂರವೆಂಬುದನ್ನು ನಕ್ಷೆ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಬೈಂದೂರಿನಿಂದ ಕುಂದಾಪುರಕ್ಕೇ ಸುಮಾರು 35 ಕಿಲೋಮೀಟರ್, ಮಣಿಪಾಲ ಅಲ್ಲಿಂದ ಇನ್ನೂ ಅಷ್ಟು ದೂರ. ಪಾರ್ಶ್ವವಾಯು ಬಡಿದಾಗ ಹೆಪ್ಪು ಕರಗಿಸುವ ಮದ್ದು ಕೊಡಲು ವೈದ್ಯರಿಗೆ ಸಿಗುವ ಹೊತ್ತು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ರಾತ್ರಿ ಎರಡಕ್ಕೆ ಬಾಯಿ ಸೊಟ್ಟಗಾದರೆ ಯಾರು ಗುರುತಿಸುತ್ತಾರೆ, ಯಾವ ಗಾಡಿಯಲ್ಲಿ ಕರೆದೊಯ್ಯುತ್ತಾರೆ, ನಿಮ್ಮ ಫೋನು ಹತ್ತದಿದ್ದರೆ ತೀರ್ಮಾನ ಯಾರದು? ಇದು ಬರಹದಲ್ಲಿರಬೇಕು. ಇನ್ನೊಂದು ಪ್ರಶ್ನೆಯನ್ನು ತುಂಬ ಜನ ಕೇಳುವುದೇ ಇಲ್ಲ: ನಡೆದಾಡುವಾಗ ಸೇರಿಸಿಕೊಂಡವರು ಹಾಸಿಗೆ ಹಿಡಿದ ದಿನ "ಕರೆದುಕೊಂಡು ಹೋಗಿ" ಎನ್ನುತ್ತಾರೆಯೇ? ಮುಂಗಡ ಹಣ ಎಷ್ಟು, ಬಿಟ್ಟರೆ ಎಷ್ಟು ವಾಪಸು, ಡೈಪರ್ ಮದ್ದುಗಳ ಖರ್ಚು ಬೇರೆಯೇ? ಕಡೆಗಾಲದ ನೋವಿಗೆ ಏನು ಮಾಡುತ್ತಾರೆ? ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಉಪಶಮನ ಚಿಕಿತ್ಸೆಗೇ ಒಂದು ವಿಭಾಗವಿದೆ. ನರಳಾಟವನ್ನು ತಗ್ಗಿಸುವ ವಿದ್ಯೆ ನಮ್ಮ ಪಕ್ಕದಲ್ಲೇ ಇರುವಾಗ ಯಾರೂ ನರಳಿಕೊಂಡು ಸಾಯಬೇಕಾಗಿಲ್ಲ.

ಊಟದ ಮಾತನ್ನು ಸಣ್ಣದೆಂದು ಬಿಡಬೇಡಿ. ಎಂಬತ್ತು ವರ್ಷ ಕುಚ್ಚಲಕ್ಕಿ ಗಂಜಿ ಉಂಡವಳಿಗೆ ಮೂರು ಹೊತ್ತೂ ಬೆಳ್ತಿಗೆ ಅನ್ನ ಬಡಿಸಿದರೆ ತಟ್ಟೆ ಹಾಗೇ ವಾಪಸಾಗುತ್ತದೆ. ಮೊಗವೀರರ ಮನೆಯಲ್ಲಿ ಬಾಳಿದವಳಿಗೆ ಮೀನಿಲ್ಲದ ಊಟ ಊಟವಲ್ಲ. ಈರುಳ್ಳಿ ಮುಟ್ಟದವಳಿಗೆ ಆ ವಾಸನೆಯೇ ಹಿಂಸೆ. ಅವಳ ಮಾತು ಅಲ್ಲಿ ಯಾರಿಗಾದರೂ ತಿಳಿಯುತ್ತದೆಯೇ? ಹಳೆಯ ತಲೆಯ ಕುಂದಗನ್ನಡ ಘಟ್ಟದ ಮೇಲಿನ ನರ್ಸಿಗೆ ಅರ್ಥವಾಗದಿದ್ದರೆ "ಹೊಟ್ಟೆ ಉಳೀತಿತ್ತ್" ಎಂದದ್ದು ಗಾಳಿಗೆ ಹೋಗುತ್ತದೆ. ಮರೆವು ಬಂದವರು ಕಲಿತ ಭಾಷೆಗಳನ್ನು ಕಳೆದುಕೊಂಡು ಹುಟ್ಟಿನ ಮಾತಿಗೆ ಮರಳುವುದೂ ಉಂಟು. ಊರ ಹತ್ತಿರದ ಜಾಗವನ್ನೇ ನೋಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಯಾವುದು ಒಳ್ಳೆಯ ಆಶ್ರಮವೆಂದು ಸರ್ಕಾರ ಮುದ್ರೆ ಒತ್ತಿ ಹೇಳುತ್ತದೆಂದು ಕಾಯಬೇಡಿ. ಹಿರಿಯ ನಾಗರಿಕರ ಆರೈಕೆ ಮನೆಗಳೆಲ್ಲ ನೋಂದಣಿಯಾಗಬೇಕು, ಕನಿಷ್ಠ ಗುಣಮಟ್ಟ ಇರಬೇಕು ಎಂದು 2007ರ ಹಿರಿಯ ನಾಗರಿಕರ ಕಾಯ್ದೆಗೆ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು. ಅಂಗೀಕಾರವಾಗದೆಯೇ ಆ ಲೋಕಸಭೆಯ ಅವಧಿ 2024ರಲ್ಲಿ ಮುಗಿಯಿತು, ಮಸೂದೆಯೂ ಬಿದ್ದುಹೋಯಿತು. ಅದಕ್ಕೇ ಸದ್ಯಕ್ಕೆ ನಿಮ್ಮ ಕಣ್ಣೇ ತಪಾಸಣೆ.

ಇನ್ನು ಆಸ್ತಿಯ ಮಾತು. ಆಶ್ರಮಕ್ಕೆ ಸೇರಿಸುವ ವಾರದಲ್ಲೇ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕೆಲಸ ನಮ್ಮಲ್ಲಿ ನಡೆಯುತ್ತದೆ. ದಾನಪತ್ರ, ಪಾಲುಪಟ್ಟಿ, ಬ್ಯಾಂಕಿನ ಜಂಟಿ ಖಾತೆ, ಎಲ್ಲವೂ "ಅಮ್ಮನ ಖರ್ಚಿಗೆ ಬೇಕು" ಎಂಬ ನೆಪದಲ್ಲಿ. ಹಿರಿಯರೇ, ನಿಮಗೆ ಹೇಳುತ್ತೇನೆ: ನಿಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸದೆ ಸಹಿ ಹಾಕಬೇಡಿ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಅಂಥ ಷರತ್ತು ಮುರಿದರೆ ಕೊಟ್ಟ ಆಸ್ತಿಯನ್ನು ವಾಪಸು ಪಡೆಯಬಹುದು. ಷರತ್ತು ಇದ್ದದ್ದು ಸಾಬೀತಾಗಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಕಾಯ್ದೆಯನ್ನು ಹಿರಿಯರಿಗೆ ಒಳಿತಾಗುವಂತೆ ಉದಾರವಾಗಿ ಓದಬೇಕೆಂದು 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಹೇಳಿ ಒಬ್ಬ ತಾಯಿಗೆ ಆಸ್ತಿ ಮರಳಿಸಿದೆ. ಬರೆದಿದ್ದರೆ ವಾದವೇ ಬೇಡ.

ಈ ಕಾಯ್ದೆಯ ನ್ಯಾಯಮಂಡಳಿ ನಮ್ಮ ಕಾಲ ಬುಡದಲ್ಲೇ ಇದೆ. ಕುಂದಾಪುರದ ಉಪವಿಭಾಗಾಧಿಕಾರಿ (ಎಸಿ)ಯವರೇ ಅದರ ಮುಖ್ಯಸ್ಥರು. ವಕೀಲರಿಲ್ಲದೆಯೇ ಅರ್ಜಿ ಕೊಡಬಹುದು, ಹಿರಿಯರ ಪರವಾಗಿ ಬೇರೊಬ್ಬರೂ ಕೊಡಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗುವ ನೆಂಟರ ಮೇಲೂ ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶದ ಆದೇಶ ಮಾಡುವ ಅಧಿಕಾರ ನ್ಯಾಯಮಂಡಳಿಗಿದೆ. ಹಿರಿಯರನ್ನು ನೋಡಿಕೊಳ್ಳಬೇಕಾದವರೇ ಅವರನ್ನು ಪೂರ್ತಿ ತೊರೆಯುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಣ ಕಳಿಸಿ ಮುಖ ತೋರಿಸದವರನ್ನು ಯಾವ ಸೆಕ್ಷನ್ನೂ ಹಿಡಿಯಲಾರದು, ಆ ಕೆಲಸ ಅವರ ಮನಸ್ಸಾಕ್ಷಿಯೇ ಮಾಡಬೇಕು. ಆದೇಶ ಗೆದ್ದರೂ ಅದು ಜಾರಿಯಾಗದೆ ಹಿರಿಯರು ಕಚೇರಿಯ ಮೆಟ್ಟಿಲು ಸವೆಸುವುದನ್ನು ಉಡುಪಿಯ ಮಾನವ ಹಕ್ಕುಗಳ ರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನುಭಾಗರು ಎಷ್ಟೋ ಸಲ ಪತ್ರಕರ್ತರ ಮುಂದೆ ತಂದಿಟ್ಟಿದ್ದಾರೆ. ಬೀದಿಯಲ್ಲಿ ಬಿದ್ದ ಹಿರಿಯರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿ, ಮನೆಯವರನ್ನು ಹುಡುಕಲು ಅಂಬಲಪಾಡಿಯ ವಿಶು ಶೆಟ್ಟಿಯವರು ಓಡಾಡುತ್ತಾರೆ. ಒಂದಿಡೀ ಜಿಲ್ಲೆಯ ಮಕ್ಕಳ ಋಣವನ್ನು ಇಂಥ ಕೆಲವೇ ಜನ ಹೊತ್ತು ತಿರುಗುವಂತೆ ಮಾಡಿದ್ದೇವಲ್ಲ, ನಮಗೆ ಇದು ಸರಿ ಕಾಣುತ್ತದೆಯೇ?

ಸೇರಿಸಿದ ದಿನಕ್ಕೆ ಜವಾಬ್ದಾರಿ ಮುಗಿಯಿತೆಂದು ದಯವಿಟ್ಟು ತಿಳಿಯಬೇಡಿ. ಒಳ್ಳೆಯ ಆಶ್ರಮ ಒಳ್ಳೆಯದಾಗಿ ಉಳಿಯುವುದು ಮನೆಯವರು ಬರುತ್ತಿದ್ದರೆ ಮಾತ್ರ. ಮಂದಾರ್ತಿಯ ಹರಕೆಯ ಯಕ್ಷಗಾನ ಆಟಕ್ಕೆಂದು ಬೊಂಬಾಯಿಯಿಂದ ಇಡೀ ಕುಟುಂಬ ಬರುತ್ತದೆ. ಕೋಟೇಶ್ವರದ ಕೊಡಿ ಹಬ್ಬಕ್ಕೆ, ಮನೆ ಒಕ್ಕಲಿಗೆ, ಕಂಬಳಕ್ಕೆ ರಜೆ ಸಿಗುತ್ತದೆ. ಆ ರಜೆಯ ಒಂದು ಇಡೀ ದಿನ ಅವಳದ್ದು ಎಂದು ಮೊದಲೇ ಎತ್ತಿಡಿ. ಆಟಕ್ಕೆ ಅವಳನ್ನೂ ಕರೆದುಕೊಂಡು ಬನ್ನಿ, ಚೌಕಿಯ ಹತ್ತಿರ ಒಂದು ಕುರ್ಚಿ ಹಾಕಿ ಕೂರಿಸಿ. ಮೊಮ್ಮಕ್ಕಳಿಗೆ ಆಶ್ರಮದ ವಾಸನೆ ಆಗುವುದಿಲ್ಲವೆಂದು ಅವರನ್ನು ಹೊರಗೆ ಕಾರಿನಲ್ಲಿ ಕೂರಿಸಿ ನೀವೊಬ್ಬರೇ ಒಳಗೆ ಹೋಗಬೇಡಿ. ಅದು ಅವಳಿಗೆ ಗೊತ್ತಾಗುತ್ತದೆ.

ನಾವು ಊರಿನವರು ಏನು ಮಾಡಬೇಕು? ಇಂದಿನಿಂದ ಆ "ಹಾಕ್ರ್ ಅಂಬ್ರ್" ಮಾತನ್ನು ನಿಲ್ಲಿಸಿ, ಎಲ್ಲಿದ್ದಾರೆಂದು ವಿಳಾಸ ಕೇಳಿಕೊಂಡು ನೋಡಲು ಹೋಗಬೇಕು. ಮಹಿಳಾ ಮಂಡಲಗಳು, ಭಜನಾ ಮಂಡಳಿಗಳು, ಯುವಕ ಸಂಘಗಳು ಹತ್ತಿರದ ಆಶ್ರಮಕ್ಕೆ ಹಣ್ಣು ಹಂಚಿ ಫೋಟೋ ತೆಗೆಸಿಕೊಳ್ಳುವ ಬದಲು ಪ್ರತಿ ಆದಿತ್ಯವಾರ ಇಬ್ಬಿಬ್ಬರಂತೆ ಹೋಗಿ ಒಂದು ಗಂಟೆ ಕೂತು ಬರಲಿ. ಅನುಮಾನ ಬಂದ ಕಡೆ 14567ಕ್ಕೆ ಫೋನು ಮಾಡಲಿ, ಅದು ಹಿರಿಯರಿಗಾಗಿಯೇ ಇರುವ ಸಹಾಯವಾಣಿ. ಮತ್ತು ಹಣವಿಲ್ಲದವರನ್ನು ಮರೆಯಬಾರದು. ಇಷ್ಟು ಹೊತ್ತು ಹೇಳಿದ ಆಯ್ಕೆಯೆಲ್ಲ ತಿಂಗಳಿಗೆ ಹತ್ತಾರು ಸಾವಿರ ಕೊಡಬಲ್ಲವರಿಗೆ. ಗಂಗೊಳ್ಳಿಯಲ್ಲಿ ಬಲೆ ಹೆಣೆದು ಬದುಕಿದ ಮುದುಕನಿಗೆ, ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವಳಿಗೆ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ಯಾವ ಆಯ್ಕೆ ಇದೆ? ದಿಕ್ಕಿಲ್ಲದ ಹಿರಿಯರಿಗಾಗಿ ಜಿಲ್ಲೆಗೊಂದಾದರೂ, ಕನಿಷ್ಠ 150 ಜನ ಇರಬಹುದಾದ ಸರ್ಕಾರಿ ವೃದ್ಧಾಶ್ರಮ ಕಟ್ಟುವ ಮಾತು 2007ರ ಅದೇ ಕಾಯ್ದೆಯ 19ನೇ ಸೆಕ್ಷನ್ನಿನಲ್ಲಿದೆ. ನಿಮ್ಮ ಪಂಚಾಯತಿಯ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಅದರ ಲೆಕ್ಕ ಕೇಳಿ. ವಾರ್ಡಿನಲ್ಲಿ ಒಂಟಿಯಾಗಿರುವ ಹಿರಿಯರು ಎಷ್ಟು ಜನ, ಅವರಲ್ಲಿ ಹಾಸಿಗೆ ಹಿಡಿದವರೆಷ್ಟು ಎಂದು ಆಶಾ ಕಾರ್ಯಕರ್ತೆಯರಿಂದ ಪಟ್ಟಿ ಮಾಡಿಸಿ ನಡಾವಳಿಯಲ್ಲಿ ಬರೆಸಿ, ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕುಗಳ ಪಟ್ಟಿಯನ್ನು ಶಾಸಕರ ಕೈಗೆ, ಜಿಲ್ಲಾಧಿಕಾರಿಯವರ ಕೈಗೆ ಕೊಟ್ಟು ಸ್ವೀಕೃತಿ ಪಡೆಯಿರಿ.